ಬಾಡಿಗೆ ಕಾರಿನ ವಿಮೆ: ಗಡಿ ದಾಟಿದಾಗ ರಕ್ಷಣೆ ಯಾರಿಗಿದೆ, ಯಾರಿಗಿಲ್ಲ?

"ಗಾಡಿಗಿ ಇನ್ಶೂರೆನ್ಸ್ ಅದ, ಚಿಂತಿ ಮಾಡಬ್ಯಾಡ್ರಿ." ಬೀದರ್ ಕಡೆ ಪ್ರವಾಸಕ್ಕೆಂದು ಕಾರು ಬಾಡಿಗೆಗೆ ಕೇಳಿದವರಿಗೆ ಈ ಮಾತು ಹೊಸದಲ್ಲ. ದುಬೈನಲ್ಲೋ ಜರ್ಮನಿಯಲ್ಲೋ ವಿಮಾನ ಇಳಿದು ಬಾಡಿಗೆ ಕಾರಿನ ಕೌಂಟರ್ ಮುಂದೆ ನಿಂತವರಿಗೂ ಇದೇ ಅರ್ಥದ ಮಾತು ಬೇರೆ ಭಾಷೆಯಲ್ಲಿ ಕೇಳುತ್ತದೆ: "ಫುಲ್ ಇನ್ಶೂರೆನ್ಸ್ ಇದೆ ಸರ್." ಎರಡೂ ಕಡೆ ಈ ಮಾತು ಸುಳ್ಳೇನಲ್ಲ. ಆದರೆ ಅಪೂರ್ಣ.

ಭಾಲ್ಕಿ ತಾಲೂಕಿನ ಮೆಹಕರದಂಥ ಗಡಿ ಸೀಮೆಯ ಊರಿನವರಿಗೆ ಇದು ದೂರದ ಪ್ರಶ್ನೆಯಲ್ಲ. ಬೀದರ್ ಜಿಲ್ಲೆಯ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ತುಳಜಾಪುರ, ಪಂಢರಪುರ, ಶಿರಡಿ ಯಾತ್ರೆಗೆ ಹೋಗಲಿ, ಉದಗೀರಿನ ಮದುವೆಗೆ ಹೋಗಲಿ, ಲಾತೂರಿನ ಆಸ್ಪತ್ರೆಗೆ ಹೋಗಲಿ, ವಿದೇಶಕ್ಕೆ ಹೊರಟವರನ್ನು ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಬಿಡಲು ಹೋಗಲಿ, ರಾಜ್ಯದ ಗಡಿ ದಾಟಲೇಬೇಕು. ಕಾರು ಎಷ್ಟೋ ಸಲ ನಮ್ಮದಲ್ಲ: ಬಾಡಿಗೆಯದು, ಇಲ್ಲವೇ ಪರಿಚಯದವರಿಂದ ಕೇಳಿ ತಂದದ್ದು.

ಅಪಘಾತವಾದಾಗ ವಿಮಾ ಕಂಪನಿ ಯಾರಿಗೆ ಹಣ ಕೊಡುತ್ತದೆ, ಯಾರಿಗೆ ಕೊಡುವುದಿಲ್ಲ, ಕೊಟ್ಟ ಹಣವನ್ನು ಯಾರಿಂದ ವಾಪಸ್ ಕೇಳುತ್ತದೆ? ಮೋಟಾರು ವಾಹನ ಕಾಯ್ದೆ, ಪಾಲಿಸಿಯ ಷರತ್ತುಗಳು ಮತ್ತು ಸುಪ್ರೀಂ ಕೋರ್ಟ್‌ನ ಕೆಲವು ತೀರ್ಪುಗಳನ್ನು ಮುಂದಿಟ್ಟುಕೊಂಡು ನಾವು ಇಲ್ಲಿ ನಾಲ್ಕು ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸುತ್ತೇವೆ. ಮೊದಲು ನಮ್ಮ ದೇಶದೊಳಗಿನ ಲೆಕ್ಕ, ಆಮೇಲೆ ಹೊರದೇಶದ್ದು. ಮೊದಲನೆಯದು ತಿಳಿದರೆ ಎರಡನೆಯದು ಸುಲಭ.

ಕಾರಿನ ವಿಮೆ ಎಂದರೆ ಒಂದೇ ವಿಮೆಯೇ?

ಅಲ್ಲ. ಒಂದೇ ಕಾಗದದಲ್ಲಿ ಮೂರು ಬೇರೆ ಬೇರೆ ರಕ್ಷಣೆಗಳಿರುತ್ತವೆ. ಕೆಲವೊಮ್ಮೆ ಮೂರರಲ್ಲಿ ಒಂದು ಮಾತ್ರ ಇರುತ್ತದೆ.

ಮೊದಲನೆಯದು ಥರ್ಡ್ ಪಾರ್ಟಿ ವಿಮೆ. ನಮ್ಮ ಕಾರಿನಿಂದ ಹೊರಗಿನವರಿಗೆ ಸಾವು, ಗಾಯ ಅಥವಾ ಆಸ್ತಿ ನಷ್ಟವಾದರೆ ಕೊಡಬೇಕಾದ ಪರಿಹಾರ ಇದರಿಂದ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಇದನ್ನು ಕಡ್ಡಾಯ ಮಾಡಿದೆ. ಇದಿಲ್ಲದೆ ಗಾಡಿ ಓಡಿಸಿದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

ಎರಡನೆಯದು ಓನ್ ಡ್ಯಾಮೇಜ್, ಅಂದರೆ ಕಾರಿಗೇ ಆಗುವ ಹಾನಿ ಮತ್ತು ಕಳ್ಳತನದ ವಿಮೆ. ಇದು ಕಡ್ಡಾಯವಲ್ಲ. ಮೊದಲನೆಯದೂ ಇದೂ ಸೇರಿದ ಪಾಲಿಸಿಯನ್ನು ಪ್ಯಾಕೇಜ್ ಪಾಲಿಸಿ ಅಥವಾ ಕಾಂಪ್ರಹೆನ್ಸಿವ್ ಎನ್ನುತ್ತಾರೆ. ಜನರ ಬಾಯಲ್ಲಿ ಅದೇ "ಫುಲ್ ಇನ್ಶೂರೆನ್ಸ್".

ಮೂರನೆಯದು ವೈಯಕ್ತಿಕ ಅಪಘಾತ ವಿಮೆ. ಮಾಲೀಕರೇ ಕಾರು ಓಡಿಸುತ್ತಿದ್ದು ಮೃತಪಟ್ಟರೆ ಅಥವಾ ಶಾಶ್ವತ ಅಂಗವಿಕಲರಾದರೆ ಸಿಗುವ ಹಣ ಇದು. 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇದರ ಮೊತ್ತವನ್ನು 15 ಲಕ್ಷ ರೂಪಾಯಿಗೆ ಏರಿಸಿತು. ಇದು "ಮಾಲೀಕ-ಚಾಲಕ"ರಿಗೆ ಮಾತ್ರ ಎಂಬುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

"ಗಾಡಿಗಿ ಇನ್ಶೂರೆನ್ಸ್ ಅದ" ಎಂದಾಗ ಕೇಳಬೇಕಾದ ಮರುಪ್ರಶ್ನೆ ಈಗ ಸಿಕ್ಕಿತು: ಮೂರರಲ್ಲಿ ಯಾವುದು ಇದೆ?

ನಂಬಿಕೆ 1: ರಾಜ್ಯದ ಗಡಿ ದಾಟಿದರೆ ವಿಮೆ ನಡೆಯುವುದಿಲ್ಲ

ತಪ್ಪು. ಭಾರತದಲ್ಲಿ ಕೊಡುವ ಮೋಟಾರು ಪಾಲಿಸಿಯ ವ್ಯಾಪ್ತಿ ಇಡೀ ಭಾರತ. ಭಾಲ್ಕಿಯ ಕೆಎ-39 ಕಾರು ಲಾತೂರಿನಲ್ಲಿ ಅಪಘಾತಕ್ಕೀಡಾದರೂ, ಬೀದರಿನ ಕೆಎ-38 ಕಾರು ಜಹೀರಾಬಾದಿನಲ್ಲಿ ಡಿಕ್ಕಿ ಹೊಡೆದರೂ ಪಾಲಿಸಿ ಜೀವಂತವಾಗಿಯೇ ಇರುತ್ತದೆ.

ಈ ನಂಬಿಕೆ ಹುಟ್ಟಿದ್ದಕ್ಕೆ ಒಂದು ಕಾರಣ ಇರಬಹುದು. ಗಡಿಯಲ್ಲಿ ನಿಜವಾಗಿ ಬದಲಾಗುವುದು ಪರ್ಮಿಟ್ ಮತ್ತು ತೆರಿಗೆ. ಕರ್ನಾಟಕದೊಳಗೆ ಓಡಲು ಮಾತ್ರ ಪರ್ಮಿಟ್ ಇರುವ ಟ್ಯಾಕ್ಸಿ ಮಹಾರಾಷ್ಟ್ರಕ್ಕೆ ಹೋಗಬೇಕಾದರೆ ಅಲ್ಲಿಗೂ ಅನುಮತಿ ಬೇಕು, ಇಲ್ಲವೇ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದ ವಾಹನವನ್ನು ರಸ್ತೆಗೆ ಇಳಿಸುವುದು ಪಾಲಿಸಿಯ ಮೂಲ ಷರತ್ತನ್ನೇ ಮುರಿದಂತೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು, ನಂತರ ಅದನ್ನು ವಾಹನದ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು ಎಂಬ ಆದೇಶ ಉಳಿಯಿತು.

ಗಡಿಯವರಿಗೆ ಇನ್ನೊಂದು ಉಪಯುಕ್ತ ಮಾತು. ಬೇರೆ ರಾಜ್ಯದಲ್ಲಿ ಅಪಘಾತವಾದರೆ ಕೇಸಿಗಾಗಿ ಅಲ್ಲಿಗೇ ಅಲೆಯಬೇಕು ಎಂದು ಹಲವರು ಸುಮ್ಮನಾಗುತ್ತಾರೆ. ಕಾಯ್ದೆಯ 166ನೇ ಕಲಮಿನ ಪ್ರಕಾರ ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಕಡೆ ಮಾತ್ರವಲ್ಲ, ಅರ್ಜಿದಾರರು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಮೆಹಕರದ ಕುಟುಂಬಕ್ಕೆ ಪಂಢರಪುರದ ಹಾದಿಯಲ್ಲಿ ಅಪಘಾತವಾದರೂ ತಮ್ಮ ಜಿಲ್ಲೆಯಲ್ಲೇ ಕೇಸು ಹಾಕುವ ಹಕ್ಕಿದೆ. ಆದರೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎನ್ನುತ್ತದೆ. ತಡಮಾಡಬಾರದು.

ನಂಬಿಕೆ 2: ವೈಟ್ ಬೋರ್ಡ್ ಆದರೇನು, ಯೆಲ್ಲೊ ಬೋರ್ಡ್ ಆದರೇನು, ವಿಮೆ ವಿಮೆಯೇ

ಊರುಗಳಲ್ಲಿ ಹೆಚ್ಚು ಅಪಾಯ ತರುವ ನಂಬಿಕೆ ಇದು.

ನಂಬರ್ ಪ್ಲೇಟಿನ ಬಣ್ಣ ಬರೀ ಅಲಂಕಾರವಲ್ಲ. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಸ್ವಂತ ಬಳಕೆಯ ಕಾರು. ಹಳದಿಯ ಮೇಲೆ ಕಪ್ಪು ಇದ್ದರೆ ಚಾಲಕನ ಸಮೇತ ಬಾಡಿಗೆಗೆ ಓಡುವ ವಾಹನ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ನಾವೇ ಓಡಿಸಲು ಬಾಡಿಗೆಗೆ ಕೊಡುವ ಸೆಲ್ಫ್ ಡ್ರೈವ್ ಕಾರು. ಸೆಲ್ಫ್ ಡ್ರೈವ್ ವ್ಯವಹಾರಕ್ಕೆ ಕೇಂದ್ರ ಸರ್ಕಾರದ 1989ರ ರೆಂಟ್-ಎ-ಕ್ಯಾಬ್ ಯೋಜನೆಯಡಿ ಪರವಾನಗಿ ಬೇಕು. ಅದಕ್ಕೆ ಅರ್ಜಿ ಹಾಕುವವರ ಬಳಿ ಕನಿಷ್ಠ 50 ಕ್ಯಾಬ್‌ಗಳಿರಬೇಕು ಎಂಬುದು ಯೋಜನೆಯ ಷರತ್ತು. ಮನೆ ಮುಂದೆ ನಿಲ್ಲಿಸಿದ ಒಂದೆರಡು ಬಿಳಿ ಬೋರ್ಡಿನ ಕಾರುಗಳನ್ನು ದಿನಕ್ಕಿಷ್ಟು ಎಂದು ಕೊಡುವುದು ಈ ಪರವಾನಗಿಯೊಳಗೆ ಬರುವುದಿಲ್ಲ.

ಸ್ವಂತ ಬಳಕೆಯ ಕಾರಿನ ಪಾಲಿಸಿಯಲ್ಲಿ "ಬಳಕೆಯ ಮಿತಿ" ಎಂಬ ಭಾಗವಿರುತ್ತದೆ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಈ ಷರತ್ತು ಮುರಿದರೆ ಎರಡು ಕಡೆ ಪೆಟ್ಟು ಬೀಳುತ್ತದೆ.

ಒಂದು, ಕಾರಿನ ಹಾನಿಯ ಕ್ಲೇಮು. ಸ್ವಂತ ಬಳಕೆಯ ವಾಹನವನ್ನು ಬಾಡಿಗೆಗೆ ಬಳಸಿದ್ದಕ್ಕೆ ವಿಮಾ ಕಂಪನಿ ಕ್ಲೇಮನ್ನು ಪೂರ್ತಿ ತಳ್ಳಿಹಾಕಿದ್ದ ಒಂದು ಪ್ರಕರಣ 2010ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಪೂರ್ತಿ ತಳ್ಳಿಹಾಕುವುದು ಸರಿಯಲ್ಲ, ಷರತ್ತು ಮುರಿದಾಗಲೂ ಗರಿಷ್ಠ 75 ಪ್ರತಿಶತದವರೆಗೆ ಕೊಡುವ ಮಾರ್ಗಸೂಚಿಯನ್ನು ಪಾಲಿಸಬಹುದು ಎಂಬ ನಿಲುವನ್ನು ಕೋರ್ಟ್ ತಳೆಯಿತು. ಇದು ಮಾಲೀಕರಿಗೆ ಸಮಾಧಾನದ ಮಾತು ಹೌದು. ಆದರೆ ಅಲ್ಲಿಯವರೆಗೆ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು, ಸಿಕ್ಕಿದ್ದು ಪೂರ್ತಿ ಹಣವೂ ಅಲ್ಲ.

ಇನ್ನೊಂದು, ಹೊರಗಿನವರ ಪರಿಹಾರ. ಇದೇ ದೊಡ್ಡದು. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿದ್ದನ್ನು ವಿಮಾ ಕಂಪನಿ ನ್ಯಾಯಮಂಡಳಿಯಲ್ಲಿ ತನ್ನ ವಾದವಾಗಿ ಮಂಡಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ವಾದ ಗೆದ್ದರೆ ಕಂಪನಿ ಹೊಣೆಯಿಂದ ಪಾರಾಗಬಹುದು. ಇಲ್ಲವೇ "ಪೇ ಅಂಡ್ ರಿಕವರ್" ಆದೇಶ ಬರಬಹುದು: ಕಂಪನಿ ಸಂತ್ರಸ್ತರಿಗೆ ಮೊದಲು ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ.

ವಸೂಲಿ ಹೇಗೆ? ಕಾಯ್ದೆಯ 174ನೇ ಕಲಮಿನ ಪ್ರಕಾರ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿ, ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ಒಂದು ಸಾವಿನ ಪರಿಹಾರ ಹಲವು ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ತೊಗರಿ, ಸೋಯಾ, ಕಬ್ಬು ಬೆಳೆಯುವ ಮನೆಯವರು ಹಬ್ಬದ ಸೀಸನ್‌ನಲ್ಲಿ ನಾಲ್ಕು ದುಡ್ಡು ಬರಲಿ ಎಂದು ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಕೊಟ್ಟರೆ, ಒಂದು ಅಪಘಾತದಿಂದ ಹೊಲದ ಪಹಣಿಯ ತನಕ ವಿಷಯ ಬರಬಹುದು. ಬಾಡಿಗೆ ಪಡೆದವರಿಗೂ ನಷ್ಟವಿದೆ: ಕಾಸು ಕೊಟ್ಟು ಕುಳಿತ ಪ್ರಯಾಣಿಕರ ಪರಿಹಾರವೂ ಇದೇ ವಿವಾದದಲ್ಲಿ ಸಿಕ್ಕಿಬೀಳುತ್ತದೆ.

ನಂಬಿಕೆ 3: ಕಾರಿನೊಳಗಿದ್ದವರಿಗೆಲ್ಲ ವಿಮೆ ಇದ್ದೇ ಇರುತ್ತದೆ

ಇದು ಪಾಲಿಸಿಯ ಬಗೆಯ ಮೇಲೆ ನಿಂತಿದೆ.

ಸ್ವಂತ ಬಳಕೆಯ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ, ಕಾಸು ಕೊಡದೆ ಕಾರಿನಲ್ಲಿ ಕುಳಿತವರಿಗೆ ಅದು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಂಥವರು ಕಾನೂನಿನ ಕಣ್ಣಿನಲ್ಲಿ "ಹೊರಗಿನವರು" ಅಲ್ಲ. ಪ್ಯಾಕೇಜ್ ಪಾಲಿಸಿ ಇದ್ದರೆ ಕಾರಿನೊಳಗಿನವರೂ ರಕ್ಷಣೆಯಲ್ಲಿ ಬರುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟಪಡಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಆಧರಿಸಿ, ಬರೀ ಥರ್ಡ್ ಪಾರ್ಟಿ ಪಾಲಿಸಿಗೂ ಪ್ಯಾಕೇಜ್ ಪಾಲಿಸಿಗೂ ಇರುವ ವ್ಯತ್ಯಾಸವನ್ನು ಒತ್ತಿ ಹೇಳಿತು.

ಹಳೆಯ ಕಾರುಗಳಿಗೆ ಖರ್ಚು ಉಳಿಸಲು ಬರೀ ಥರ್ಡ್ ಪಾರ್ಟಿ ಮಾಡಿಸುವುದು ರೂಢಿ. ಅಂಥ ಕಾರಿನಲ್ಲಿ ಮನೆಮಂದಿಯೆಲ್ಲ ಕೂತು ತುಳಜಾಪುರಕ್ಕೆ ಹೊರಟರೆ, ಎದುರಿನ ಬೈಕ್ ಸವಾರನಿಗೆ ರಕ್ಷಣೆ ಇದೆ, ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೆ ಇಲ್ಲ.

ನಂಬಿಕೆ 4: ಕಾರು ಓಡಿಸುತ್ತಿದ್ದ ನನಗೂ ಪರಿಹಾರ ಬರುತ್ತದೆ

ಇದಕ್ಕೆ ಉತ್ತರ ಕೊಡುವ ಪ್ರಮುಖ ತೀರ್ಪು ನಮ್ಮ ರಾಜ್ಯದ್ದೇ ಪ್ರಕರಣ. ಇಳಕಲ್ ಸೀಮೆಯಲ್ಲಿ ಬೇರೊಬ್ಬರ ಬೈಕ್ ಕೇಳಿ ತಂದು ಊರಿಗೆ ಹೊರಟಿದ್ದ ವ್ಯಕ್ತಿಯೊಬ್ಬರು ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಡಿಕ್ಕಿಯಾಗಿ ಮೃತಪಟ್ಟರು. ಬೈಕಿಗೆ ವಿಮೆ ಇತ್ತು. ತಪ್ಪು ಯಾರದೆಂದು ಸಾಬೀತು ಮಾಡುವ ಅಗತ್ಯವಿಲ್ಲದ 163-ಎ ಕಲಮಿನಡಿ ಕುಟುಂಬ ಪರಿಹಾರ ಕೇಳಿತು. 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ ಇದು: ಕೇಳಿ ತಂದ ವಾಹನ ಓಡಿಸುವವರು ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಮಾಲೀಕರು ತಮ್ಮ ವಿಮಾ ಕಂಪನಿಯ ಎದುರು ಹೊರಗಿನವರಾಗಿ ನಿಂತು ಪರಿಹಾರ ಕೇಳಲಾಗದು, ಹಾಗೆಯೇ ಅವರೂ ಕೇಳಲಾಗದು. ಬೇರೆ ಕಲಮಿನಡಿ ನ್ಯಾಯಯುತ ಪರಿಹಾರ ಸಿಗಬಹುದೇ ಎಂದು ನೋಡಲು ಪ್ರಕರಣವನ್ನು ಹೈಕೋರ್ಟಿಗೆ ಹಿಂದಿರುಗಿಸಲಾಯಿತು. 2020ರಲ್ಲಿ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಮತ್ತೆ ಹೇಳಿತು.

ಎದುರಿನ ವಾಹನದ ತಪ್ಪಿನಿಂದ ಅಪಘಾತವಾದರೆ ಮಾತು ಬೇರೆ. ಆಗ ಆ ವಾಹನದ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳಬಹುದು. ಆದರೆ ನಮ್ಮದೇ ತಪ್ಪಾದಾಗ, ಅಥವಾ ನಾಯಿಯೋ ದನವೋ ಅಡ್ಡ ಬಂದು ಕಾರು ಪಲ್ಟಿಯಾದಾಗ, ಬಾಡಿಗೆ ಕಾರಿನ ಚಾಲಕರಿಗೆ ಆಸರೆ ಕಡಿಮೆ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕರಿಗೆ ಎಂದು ಮೊದಲೇ ನೋಡಿದೆವು. ಕಾರಿನ ಮಾಲೀಕ ಒಂದು ಕಂಪನಿಯಾಗಿದ್ದರೆ ಆ ರಕ್ಷಣೆಯ ಪ್ರಶ್ನೆಯೇ ಬರುವುದಿಲ್ಲ.

ಹಾಗಾಗಿ ಓಡಿಸುವವರು ತಮ್ಮ ಹೆಸರಿನಲ್ಲಿ ಬೇರೆಯೇ ಅಪಘಾತ ವಿಮೆ ಇಟ್ಟುಕೊಳ್ಳುವುದು ಒಳ್ಳೆಯದು. ಬ್ಯಾಂಕ್ ಖಾತೆಯ ಮೂಲಕ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಮೊತ್ತ ಸಣ್ಣದು, ಆದರೆ ಕಾರು ಯಾರದ್ದು ಎಂಬ ಪ್ರಶ್ನೆ ಇದಕ್ಕೆ ಸಂಬಂಧಿಸಿದ್ದಲ್ಲ.

ಸೆಲ್ಫ್ ಡ್ರೈವ್ ಕಂಪನಿಯ "ಪ್ರೊಟೆಕ್ಷನ್ ಪ್ಲಾನ್" ವಿಮೆಯೇ?

ಸಾಮಾನ್ಯವಾಗಿ ಅಲ್ಲ. ಕಾರಿನ ಓನ್ ಡ್ಯಾಮೇಜ್ ವಿಮೆ ಇರುವುದು ಮಾಲೀಕ ಕಂಪನಿಯ ಹೆಸರಿನಲ್ಲಿ. ಕಾರಿಗೆ ಹಾನಿಯಾದರೆ ವಿಮೆಯ ಹಣ ಹೋಗುವುದು ಆ ಕಂಪನಿಗೆ. ನೀವು ಎಷ್ಟು ಕೊಡಬೇಕು ಎಂಬುದನ್ನು ತೀರ್ಮಾನಿಸುವುದು ವಿಮಾ ಪಾಲಿಸಿಯಲ್ಲ, ನೀವು ಸಹಿ ಹಾಕಿದ ಅಥವಾ ಮೊಬೈಲಿನಲ್ಲಿ "ಒಪ್ಪಿದೆ" ಎಂದು ಒತ್ತಿದ ಬಾಡಿಗೆ ಕರಾರು.

"ಹೆಚ್ಚುವರಿ ಇಷ್ಟು ಕೊಟ್ಟರೆ ಹಾನಿಗೆ ನಿಮ್ಮ ಹೊಣೆ ಇಷ್ಟಕ್ಕೇ ಸೀಮಿತ" ಎನ್ನುವ ಪ್ಲಾನ್‌ಗಳು ಕಂಪನಿ ನಿಮಗೆ ಕೊಡುವ ರಿಯಾಯಿತಿ ಅಷ್ಟೇ. ಕರಾರು ಮುರಿದರೆ ರಿಯಾಯಿತಿಯೂ ಹೋಗುತ್ತದೆ. ಹೆಸರು ನೋಂದಾಯಿಸದ ಗೆಳೆಯ ಓಡಿಸಿದ್ದು, ಕುಡಿದು ಓಡಿಸಿದ್ದು, ಅನುಮತಿ ಇಲ್ಲದ ಕಡೆ ಒಯ್ದದ್ದು, ಅಪಘಾತವನ್ನು ಹೊತ್ತಿಗೆ ಸರಿಯಾಗಿ ತಿಳಿಸದೇ ಇದ್ದದ್ದು ಇಂಥ ಮುರಿತಗಳು. ಈ ಒಂದು ಮಾತು ಅರ್ಥವಾದರೆ ವಿದೇಶದ ಕೌಂಟರಿನಲ್ಲಿ ಕೇಳುವ ಅರ್ಧ ಪದಗಳು ಅರ್ಥವಾದಂತೆ.

ದೇಶದ ಗಡಿ ದಾಟಿದಾಗ

ರಾಜ್ಯದ ಗಡಿಯಲ್ಲಿ ನಿಲ್ಲದ ಪಾಲಿಸಿ ದೇಶದ ಗಡಿಯಲ್ಲಿ ನಿಲ್ಲುತ್ತದೆ. ನಮ್ಮದೇ ಕಾರನ್ನು ನೇಪಾಳಕ್ಕೋ ಭೂತಾನ್‌ಗೋ ಒಯ್ದರೂ ಹೆಚ್ಚುವರಿ ಕಂತು ಕಟ್ಟಿ ಪಾಲಿಸಿಯ ವ್ಯಾಪ್ತಿಯನ್ನು ಆ ದೇಶಕ್ಕೆ ವಿಸ್ತರಿಸಿಕೊಳ್ಳಬೇಕು. ಇನ್ನು ಅಲ್ಲಿ ಬಾಡಿಗೆಗೆ ಪಡೆಯುವ ಕಾರಿಗೂ ಮನೆಯಲ್ಲಿರುವ ನಮ್ಮ ಕಾರಿನ ಪಾಲಿಸಿಗೂ ಸಂಬಂಧವೇ ಇಲ್ಲ. ಅಲ್ಲಿನ ಕಾರಿನ ಜೊತೆ ಬರುವ ರಕ್ಷಣೆಯೇ ನಮ್ಮ ರಕ್ಷಣೆ.

ಹೊರಡುವ ಮುನ್ನ ಬೇಕಾದ ಮೊದಲ ಕಾಗದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ನಮ್ಮ ವಾಸಸ್ಥಳದ ಆರ್‌ಟಿಒ ಕಚೇರಿಯೇ ಕೊಡುತ್ತದೆ. ಅರ್ಜಿ ನಮೂನೆ 4-ಎ, ಶುಲ್ಕ 1,000 ರೂಪಾಯಿ. ಇದರ ಅವಧಿ ಒಂದು ವರ್ಷ. ಮೂಲ ಡಿಎಲ್ ಅದಕ್ಕೂ ಮೊದಲೇ ಮುಗಿಯುವಂತಿದ್ದರೆ ಅಲ್ಲಿಯವರೆಗೆ ಮಾತ್ರ. ಇದು ಮೂಲ ಡಿಎಲ್‌ನ ಜೊತೆಗೆ ತೋರಿಸುವ ಕಾಗದ, ಅದರ ಬದಲಿಗೆ ಅಲ್ಲ. ಪ್ರವಾಸಿಗರಾಗಿ ಹೋದ ಭಾರತೀಯರಿಗೆ ಯುಎಇಯಲ್ಲಿ ಕಾರು ಬಾಡಿಗೆಗೆ ಪಡೆಯಲು ಇದು ಬೇಕು. ಕೆಲವು ದೇಶಗಳಲ್ಲಿ ಸ್ಥಳೀಯ ಅನುಮತಿಯನ್ನೂ ಪಡೆಯಬೇಕಾಗುತ್ತದೆ. ಸರಿಯಾದ ಪರವಾನಗಿ ಇಲ್ಲದೆ ಓಡಿಸಿದರೆ ಎಷ್ಟೇ ದುಬಾರಿ ರಕ್ಷಣೆ ಕೊಂಡಿದ್ದರೂ ಅದು ಕೈಕೊಡಬಹುದು.

ಸಿಡಿಡಬ್ಲ್ಯು, ಎಕ್ಸೆಸ್: ಕೌಂಟರಿನ ಪದಗಳ ಅರ್ಥ

ಸಿಡಿಡಬ್ಲ್ಯು ಎಂದರೆ ಕೊಲಿಷನ್ ಡ್ಯಾಮೇಜ್ ವೇವರ್. ವೇವರ್ ಎಂದರೆ ಮನ್ನಾ. ಡಿಕ್ಕಿಯಿಂದ ಕಾರಿಗೆ ಹಾನಿಯಾದರೆ ಪೂರ್ತಿ ಹಣ ಕೇಳುವುದಿಲ್ಲ ಎಂದು ಬಾಡಿಗೆ ಕಂಪನಿ ಕೊಡುವ ಮಾತು. ಕಳ್ಳತನಕ್ಕೂ ಇಂಥದೇ ಮನ್ನಾ ಇರುತ್ತದೆ.

ಎಕ್ಸೆಸ್ ಅಥವಾ ಡಿಡಕ್ಟಿಬಲ್ ಎಂದರೆ ಮನ್ನಾ ಆಗದೆ ಉಳಿಯುವ ನಮ್ಮ ಪಾಲು. ಉದಾಹರಣೆಗೆ ಕರಾರಿನಲ್ಲಿ ಎಕ್ಸೆಸ್ 1,500 ಯೂರೊ ಎಂದಿದೆ ಎನ್ನೋಣ. ಬಂಪರ್ ಒಡೆದು 900 ಯೂರೊ ಖರ್ಚು ಬಂದರೆ ಅಷ್ಟೂ ನಮ್ಮದೇ. 4,000 ಯೂರೊ ಖರ್ಚು ಬಂದರೆ 1,500 ನಮ್ಮದು, ಉಳಿದದ್ದು ಅವರದು. ಅಂದರೆ "ವಿಮೆ ಸೇರಿದೆ" ಎಂದ ಕಾರಿನಲ್ಲೂ ಸಣ್ಣ ಹಾನಿಯ ಪೂರ್ತಿ ಹೊಣೆ ನಮ್ಮ ಮೇಲೇ ಬೀಳುತ್ತದೆ. ಈ ಮೊತ್ತವನ್ನು ಕಾರು ಕೊಡುವಾಗಲೇ ನಮ್ಮ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುವುದು ರೂಢಿ. ಕಾರ್ಡಿನ ಮಿತಿ ಸಾಲದಿದ್ದರೆ ಕಾರೇ ಸಿಗದಿರಬಹುದು.

ಸೂಪರ್ ಸಿಡಿಡಬ್ಲ್ಯು, ಜೀರೊ ಎಕ್ಸೆಸ್ ಮುಂತಾದವು ಈ ಪಾಲನ್ನು ಕಡಿಮೆ ಮಾಡಲು ಅಥವಾ ಇಲ್ಲವಾಗಿಸಲು ಕೊಡುವ ಹೆಚ್ಚಿನ ಹಣ. ಬಾಡಿಗೆ ಕಂಪನಿಯಿಂದಲ್ಲದೆ ಬೇರೆ ವಿಮಾ ಕಂಪನಿಯಿಂದಲೂ ಎಕ್ಸೆಸ್ ವಿಮೆ ಕೊಳ್ಳಲು ಸಾಧ್ಯವಿದೆ. ಆಗ ಮೊದಲು ನಾವು ಬಾಡಿಗೆ ಕಂಪನಿಗೆ ಹಣ ಕಟ್ಟಿ, ರಸೀದಿ ತೋರಿಸಿ ಆಮೇಲೆ ವಾಪಸ್ ಪಡೆಯಬೇಕು.

ಟೈರು, ಗಾಜು, ಕಾರಿನ ತಳಭಾಗ, ಮೇಲ್ಛಾವಣಿ, ಕಳೆದ ಕೀ, ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿಸಿದ್ದು: ಸಾಮಾನ್ಯ ಸಿಡಿಡಬ್ಲ್ಯು ಇವನ್ನು ಹೊರಗಿಡುವುದೇ ಹೆಚ್ಚು. ದೇಶದ ನೆಲಕ್ಕೆ ತಕ್ಕಂತೆ ಪಟ್ಟಿ ಬೆಳೆಯುತ್ತದೆ. ಐಸ್‌ಲ್ಯಾಂಡಿನಲ್ಲಿ ಜಲ್ಲಿಕಲ್ಲು ಸಿಡಿದ ಹಾನಿಗೆ, ಮರಳು ಮತ್ತು ಬೂದಿಯ ಗಾಳಿಯಿಂದಾಗುವ ಹಾನಿಗೆ ಬೇರೆ ಬೇರೆ ರಕ್ಷಣೆ ಮಾರುತ್ತಾರೆ.

ಹೊರಗಿನವರಿಗಾದ ಹಾನಿ: ದೇಶಕ್ಕೊಂದು ಲೆಕ್ಕ

ಸಿಡಿಡಬ್ಲ್ಯು ಬಗ್ಗೆ ಗಂಟೆಗಟ್ಟಲೆ ಯೋಚಿಸುವವರು ಥರ್ಡ್ ಪಾರ್ಟಿಯನ್ನು ಮರೆಯುತ್ತಾರೆ. ಆದರೆ ಮನೆ ಮುಳುಗಿಸಬಲ್ಲದ್ದು ಬಂಪರ್ ಅಲ್ಲ, ಇನ್ನೊಬ್ಬರ ಆಸ್ಪತ್ರೆ ಬಿಲ್ಲು.

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಮತ್ತು ಬ್ರಿಟನ್‌ನಲ್ಲಿ ಪ್ರತಿ ಕಾರಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ಕನಿಷ್ಠ ಮಿತಿಯೂ ದೊಡ್ಡದು, ಬಾಡಿಗೆಯಲ್ಲೇ ಸೇರಿರುತ್ತದೆ. ಅಮೆರಿಕದಲ್ಲಿ ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಕನಿಷ್ಠ ಮಿತಿ ಸಣ್ಣದು. ಕ್ಯಾಲಿಫೋರ್ನಿಯಾ 2025ರ ಜನವರಿ 1ರಿಂದ ತನ್ನ ಕನಿಷ್ಠ ಮಿತಿಯನ್ನು ಏರಿಸಿದ ಮೇಲೂ ಅದು ಒಬ್ಬ ಗಾಯಾಳುವಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000 ಡಾಲರ್. ಅಮೆರಿಕದ ಆಸ್ಪತ್ರೆಗಳ ದರದ ಮುಂದೆ ಇದು ಬೇಗ ಕರಗುತ್ತದೆ. ಅಲ್ಲಿ ಕಾರು ಪಡೆಯುವವರು ಹೆಚ್ಚುವರಿ ಹೊಣೆಗಾರಿಕೆ ವಿಮೆ ಸೇರಿದೆಯೇ, ಎಷ್ಟು ಮೊತ್ತಕ್ಕೆ ಎಂದು ಮೊದಲು ಕೇಳಬೇಕು.

ಮಕ್ಕಳು ಅಮೆರಿಕದಲ್ಲಿದ್ದು ಅಪ್ಪ ಅಮ್ಮ ನೋಡಲು ಹೋದ ಕುಟುಂಬಗಳಿಗೆ ಎರಡು ಎಚ್ಚರಿಕೆ. ಅಲ್ಲಿ ನೆಲೆಸಿದವರ ಸ್ವಂತ ಕಾರಿನ ಪಾಲಿಸಿ ಮತ್ತು ಅಲ್ಲಿನ ಹಲವು ಕ್ರೆಡಿಟ್ ಕಾರ್ಡುಗಳು ಬಾಡಿಗೆ ಕಾರಿಗೂ ರಕ್ಷಣೆ ಕೊಡುವುದುಂಟು. "ನಮ್ಮ ಮಗ ಏನೂ ತಗೊಳ್ಳಲಿಲ್ಲ, ನಾವೂ ತಗೊಳ್ಳೋದು ಬೇಡ" ಎಂಬ ಲೆಕ್ಕ ಊರಿನಿಂದ ಹೋದವರಿಗೆ ಹೊಂದುವುದಿಲ್ಲ. ಎರಡನೆಯದು, ಮಗನ ಹೆಸರಿನಲ್ಲಿ ಪಡೆದ ಕಾರನ್ನು ಅಪ್ಪ ಸ್ವಲ್ಪ ದೂರ ಓಡಿಸಬೇಕಾದರೂ ಅಪ್ಪನ ಹೆಸರು ಕರಾರಿನಲ್ಲಿ ಹೆಚ್ಚುವರಿ ಚಾಲಕರಾಗಿ ಇರಬೇಕು. ಇಲ್ಲದಿದ್ದರೆ ಕೊಂಡ ರಕ್ಷಣೆಯೆಲ್ಲ ಅಲ್ಲಿಗೇ ಮುಗಿಯಬಹುದು.

ಪ್ರವಾಸ ವಿಮೆ ಇದೆಯಲ್ಲ ಎನ್ನಬಹುದು. ಅದು ನಮ್ಮ ಆಸ್ಪತ್ರೆ ಖರ್ಚಿಗೆ ಬಲವಾದ ಆಸರೆ. ಆದರೆ ಅದರಲ್ಲಿರುವ ವೈಯಕ್ತಿಕ ಹೊಣೆಗಾರಿಕೆ ಭಾಗ ಮೋಟಾರು ವಾಹನ ಓಡಿಸುವಾಗಿನ ಹೊಣೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತದೆ.

ಮೆಹಕರದವರಿಗೆ ಗಡಿ ಹೊಸದಲ್ಲ, ಹೊರದೇಶದಲ್ಲೂ ಗಡಿ ಇದೆ. ದುಬೈನಲ್ಲಿ ಪಡೆದ ಕಾರನ್ನು ಒಮಾನ್‌ಗೆ ಒಯ್ಯಬೇಕಾದರೆ ಬಾಡಿಗೆ ಕಂಪನಿಯ ಅನುಮತಿ ಪತ್ರ ಬೇಕು, ಒಮಾನ್‌ಗೆ ಅನ್ವಯಿಸುವ ವಿಮೆಯೂ ಬೇಕು. ಅರಬ್ ದೇಶಗಳ ನಡುವೆ ನಡೆಯುವ ಈ ವಿಮಾ ಕಾರ್ಡನ್ನು ಆರೆಂಜ್ ಕಾರ್ಡ್ ಎನ್ನುತ್ತಾರೆ. ಯುರೋಪಿನಲ್ಲಿ ಇಂಥದೇ ವ್ಯವಸ್ಥೆಗೆ ಗ್ರೀನ್ ಕಾರ್ಡ್ ಎಂಬ ಹೆಸರಿದೆ.

ಅಪಘಾತವಾದರೆ

ಮೊದಲು ಜೀವ, ಆಮೇಲೆ ಕಾಗದ. ನಮ್ಮ ದೇಶದಲ್ಲಿ ಯಾವ ರಾಜ್ಯದಲ್ಲಿದ್ದರೂ 112ಕ್ಕೆ ಕರೆ ಮಾಡಬಹುದು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯ ಪ್ರಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ, ತಲಾ 1.5 ಲಕ್ಷ ರೂಪಾಯಿಯವರೆಗೆ, ನಿಗದಿತ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆ ಸಿಗಬೇಕು. ಇದಕ್ಕೆ ಕಾರು ಯಾರದ್ದು, ಬೋರ್ಡ್ ಯಾವ ಬಣ್ಣದ್ದು ಎಂಬ ಪ್ರಶ್ನೆ ಇಲ್ಲ.

ನಂತರ ಪೊಲೀಸರಿಗೆ, ಕಾರಿನ ಮಾಲೀಕರಿಗೆ ಮತ್ತು ವಿಮಾ ಕಂಪನಿಗೆ ಕೂಡಲೇ ತಿಳಿಸಿ. ಸ್ಥಳದ, ನಂಬರ್ ಪ್ಲೇಟುಗಳ, ಹಾನಿಯ ಫೋಟೊ ತೆಗೆಯಿರಿ. "ಇಲ್ಲೇ ಮುಗಿಸಿಬಿಡೋಣ" ಎಂಬ ರಾಜಿ ಗಾಯಾಳುಗಳಿದ್ದಾಗ ಬೇಡ. ಆಮೇಲೆ ಕ್ಲೇಮಿಗೆ ದಾಖಲೆಯೇ ಉಳಿಯುವುದಿಲ್ಲ. ಯುಎಇಯಲ್ಲಿ ಪೊಲೀಸ್ ವರದಿ ಇಲ್ಲದೆ ಗ್ಯಾರೇಜಿನವರು ಡಿಕ್ಕಿಯಾದ ಕಾರನ್ನು ರಿಪೇರಿಗೆ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಸಣ್ಣ ಗೀರಿಗೂ ವರದಿ ಮಾಡಿಸಬೇಕು.

ಕೀ ಕೈಗೆ ಬರುವ ಮುನ್ನ ನೋಡಬೇಕಾದ್ದು

ನಮ್ಮ ದೇಶದಲ್ಲಿ:

- ನಂಬರ್ ಪ್ಲೇಟಿನ ಬಣ್ಣ. ಬಾಡಿಗೆ ಕೊಡುತ್ತಿದ್ದೀರಿ, ಬೋರ್ಡ್ ಬಿಳಿ ಇದೆ ಎಂದರೆ ಬೇರೆ ಗಾಡಿ ಹುಡುಕುವುದು ಲೇಸು.
- ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ವಿಮೆಯ ಕೊನೆಯ ದಿನಾಂಕ ಮತ್ತು ವಾಹನದ ವರ್ಗ ಕಾಣುತ್ತದೆ.
- ಪ್ಯಾಕೇಜ್ ಪಾಲಿಸಿಯೋ, ಬರೀ ಥರ್ಡ್ ಪಾರ್ಟಿಯೋ ಎಂದು ತಿಳಿಯಲು ಪಾಲಿಸಿಯ ಮೊದಲ ಪುಟದ ಫೋಟೊ ವಾಟ್ಸಾಪ್‌ನಲ್ಲಿ ಕೇಳಿ.
- ಗಡಿ ದಾಟುವ ಟ್ಯಾಕ್ಸಿಯಾದರೆ ಪರ್ಮಿಟ್ ಎಲ್ಲಿಯವರೆಗೆ ಎಂದು ಕೇಳಿ.
- ಓಡಿಸುವವರ ಡಿಎಲ್ ಚಾಲ್ತಿಯಲ್ಲಿದೆಯೇ ನೋಡಿ. ಕಾರಿನ ಡಿಎಲ್ ಇದ್ದವರು ಯೆಲ್ಲೊ ಬೋರ್ಡ್ ಓಡಿಸಲು ಬೇರೆ ಅನುಮತಿ ಬೇಕೇ ಎಂಬ ಗೊಂದಲಕ್ಕೆ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ತೆರೆ ಎಳೆದಿದೆ: 7,500 ಕೆಜಿ ಒಳಗಿನ ಸಾಮಾನ್ಯ ವಾಹನಗಳಿಗೆ ಬೇಕಿಲ್ಲ.

ಹೊರದೇಶದಲ್ಲಿ:

- ಅಂತರರಾಷ್ಟ್ರೀಯ ಪರವಾನಗಿ ಮತ್ತು ಮೂಲ ಡಿಎಲ್, ಎರಡೂ ಜೊತೆಗಿರಲಿ.
- ಮೂರು ಪ್ರಶ್ನೆ ಕೇಳಿ: ಎಕ್ಸೆಸ್ ಎಷ್ಟು? ಥರ್ಡ್ ಪಾರ್ಟಿ ಮಿತಿ ಎಷ್ಟು? ಯಾವ್ಯಾವ ಭಾಗಗಳು ರಕ್ಷಣೆಯ ಹೊರಗಿವೆ?
- ಓಡಿಸುವ ಎಲ್ಲರ ಹೆಸರೂ ಕರಾರಿನಲ್ಲಿರಲಿ.
- ಕಾರು ಪಡೆಯುವಾಗ ಮತ್ತು ಹಿಂದಿರುಗಿಸುವಾಗ ಸುತ್ತಲೂ ವಿಡಿಯೊ ಮಾಡಿಕೊಳ್ಳಿ. ಟೈರು, ಗಾಜು, ಇಂಧನದ ಮುಳ್ಳು ಅದರಲ್ಲಿ ಕಾಣಲಿ.

ಸ್ವಂತ ಬಿಳಿ ಬೋರ್ಡಿನ ಕಾರು ಇರುವವರಿಗೆ ಕೊನೆಯದಾಗಿ ಒಂದು ಮಾತು. ನೆಂಟರಿಷ್ಟರಿಗೆ ಬಾಡಿಗೆ ಪಡೆಯದೆ ಕಾರು ಕೊಡುವುದಕ್ಕೆ "ಬಾಡಿಗೆ" ಷರತ್ತು ಅಡ್ಡಿಯಲ್ಲ. ಅವರ ಬಳಿ ಚಾಲ್ತಿಯಲ್ಲಿರುವ ಡಿಎಲ್ ಇದೆಯೇ ಎಂದು ನೋಡಿ ಕೊಡಿ. ಬಾಡಿಗೆಗೇ ಬಿಡಬೇಕೆಂದಿದ್ದರೆ ಮೊದಲು ಭಾಲ್ಕಿ ಅಥವಾ ಬೀದರಿನ ಆರ್‌ಟಿಒ ಕಚೇರಿಯಲ್ಲಿ ಅದನ್ನು ಸಾರಿಗೆ ವಾಹನವಾಗಿ ಬದಲಿಸಿ, ಪರ್ಮಿಟ್ ಪಡೆದು, ವಿಮೆಯನ್ನೂ ಅದಕ್ಕೆ ತಕ್ಕಂತೆ ಮಾಡಿಸಿ. ಕಂತು ಹೆಚ್ಚಾಗುತ್ತದೆ, ತೆರಿಗೆಯೂ ಹೆಚ್ಚಾಗುತ್ತದೆ. ಆದರೆ ಆಗ "ಗಾಡಿಗಿ ಇನ್ಶೂರೆನ್ಸ್ ಅದ" ಎಂಬ ಮಾತನ್ನು ಗಿರಾಕಿಗೆ ಧೈರ್ಯವಾಗಿ ಹೇಳಬಹುದು, ಕಾಗದವನ್ನೂ ತೋರಿಸಬಹುದು.